ನಿಮ್ಮ ಲೇಖನ ವಾಪಸ್ ಕಳಿಸ್ತಿದೀನಿ, ಯಾಕೆ ಅಂದ್ರೆ

ನಮಸ್ಕಾರ. ‘ಕ್ರಾಂತಿ ಹುಟ್ಟಿಸಿದ ಪುಸ್ತಕಗಳು’ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ತಪ್ಪು. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ಪುಸ್ತಕ ಓದಿ ಇಂಗ್ಲೆಂಡಿನವ್ರು 1688ರಲ್ಲಿ ರಾಜನ್ನ ಓಡಿಸಿದ್ರು ಅಂತ ಬರ್ದಿದೀರಿ, ಆದ್ರೆ ಸರ್ಕಾರದ ಬಗ್ಗೆ ಅವನು ಬರೆದ ಆ ಎರಡು ಪ್ರಬಂಧ ಅಚ್ಚಾಗಿದ್ದೇ 1689ರ ಕೊನೇಲಿ, ಅದೂ ಹೆಸರಿಲ್ದೆ, ಅಷ್ಟೊತ್ತಿಗೆ ಆ ರಾಜ, ಎರಡನೇ ಜೇಮ್ಸ್, ಫ್ರಾನ್ಸಿಗೆ ಓಡಿ ಹತ್ತತ್ರ ವರ್ಷ ಆಗಿತ್ತು.

ಆಮೇಲೆ ತತ್ವಜ್ಞಾನಿ ರೂಸೋ. ಅವನು ‘ಸಾಮಾಜಿಕ ಒಪ್ಪಂದ’ ಬರ್ದ, ಪ್ಯಾರಿಸ್ಸಿನ ಜೈಲುಕೋಟೆ ಬ್ಯಾಸ್ಟಿಲ್ ಬಿತ್ತು, ಅಷ್ಟೇನಾ? ಪುಸ್ತಕ ಬಂದಿದ್ದು 1762, ಕೋಟೆ ಬಿದ್ದಿದ್ದು 1789, ನಡುವೆ 27 ವರ್ಷ ಜನ ಏನ್ಮಾಡ್ತಿದ್ರು? ಅರಮನೆ ಸಾಲ ಎಲ್ಲಿ, 1788ರ ಆಲಿಕಲ್ಲು ಮಳೆಗೆ ಹಾಳಾದ ಬೆಳೆ ಎಲ್ಲಿ, 1789ರ ಅಕ್ಟೋಬರಲ್ಲಿ ಬ್ರೆಡ್ ಕೊಡಿ ಅಂತ ವರ್ಸೇಲ್ಸ್ ಅರಮನೆ ತನಕ ಮಳೇಲಿ ನಡ್ಕೊಂಡು ಹೋದ ಪ್ಯಾರಿಸ್ ಹೆಂಗಸ್ರು ಎಲ್ಲಿ? ‘ವಿಚಾರದ ಕಿಡಿ’ ಅಂತ ಆರು ಸಲ ಬರ್ದಿದೀರಿ (ಎಣಿಸಿದೀನಿ). ಹೊಟ್ಟೆ ಬಗ್ಗೆ ಒಂದು ಸಲಾನೂ ಇಲ್ಲ.

ಇಷ್ಟೆಲ್ಲ ಬೈದು ಯಾಕೆ ಉದ್ದ ಬರೀತಿದೀನಿ ಅಂದ್ರೆ, ಕೊನೇ ಪ್ಯಾರಾದಲ್ಲಿ ‘ಹೈಟಿಯಲ್ಲೂ ಕ್ರಾಂತಿಯಾಯಿತು’ ಅಂತ ಒಂದೇ ಸಾಲು ಹಾಕಿದೀರಲ್ಲ, ನನ್ನ ಪ್ರಕಾರ ನಿಮ್ಮ ಲೇಖನ ಶುರುವಾಗೋದೇ ಅಲ್ಲಿ. 1789ರ ಆಗಸ್ಟಲ್ಲಿ ಫ್ರಾನ್ಸಿನ ರಾಷ್ಟ್ರೀಯ ಅಸೆಂಬ್ಲಿ ಹೊರಡಿಸಿದ ಹಕ್ಕುಗಳ ಘೋಷಣೇಲಿ ಮೊದಲನೇ ಕಲಮು ಎಲ್ಲ ಮನುಷ್ಯರೂ ಹುಟ್ಟಿಂದ ಸ್ವತಂತ್ರರು, ಹಕ್ಕಲ್ಲಿ ಸಮಾನರು ಅನ್ನತ್ತೆ, ಹದಿನೇಳನೇದು ಆಸ್ತಿ ಪವಿತ್ರ, ಯಾರೂ ಮುಟ್ಟಂಗಿಲ್ಲ ಅನ್ನತ್ತೆ. ಈಗ ಫ್ರೆಂಚರ ಸಕ್ಕರೆ ವಸಾಹತಾಗಿದ್ದ, ಇವತ್ತು ಹೈಟಿ ಅನ್ನೋ ಸೇಂಟ್ ಡೊಮಿಂಗ್‌ಗೆ ಬನ್ನಿ. ಅಲ್ಲಿ ಸುಮಾರು 5 ಲಕ್ಷ ಗುಲಾಮರು. ಅವರು ಮೊದಲನೇ ಕಲಮಿನ ಮನುಷ್ಯರಾ, ಹದಿನೇಳನೇ ಕಲಮಿನ ಆಸ್ತಿನಾ? ತೋಟದ ಮಾಲೀಕರು ಆಸ್ತಿ ಅಂದ್ರು. 1791ರ ಆಗಸ್ಟಲ್ಲಿ ಗುಲಾಮರು ಕಬ್ಬಿನ ತೋಟಗಳಿಗೇ ಬೆಂಕಿ ಇಟ್ಟು ಉತ್ತರ ಕೊಟ್ರು. ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿದ್ದು 1794ರಲ್ಲಿ, ನೆಪೋಲಿಯನ್ ಮತ್ತೆ ತರೋಕೆ ಹೊರಟು 1801ರ ಕೊನೇಲಿ ಸೈನ್ಯ ಕಳಿಸ್ದ, ದಂಗೆಯ ನಾಯಕ ಟೂಸಾನ್ ಲೂವರ್ತೂರ್‌ನ ಹಿಡ್ಕೊಂಡು ಹೋಗಿ ಫ್ರಾನ್ಸಿನ ಚಳಿ ಕೋಟೇಲಿ ಕೂಡಿಹಾಕಿ ಸಾಯಿಸಿದ್ರು, ಆದ್ರೂ 1804ರ ಜನವರಿ 1ಕ್ಕೆ ಹೈಟಿ ಸ್ವತಂತ್ರ ಆಯ್ತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ನಿಲ್ಸಿ, ನಮ್ಮವರು ಕಳ್ಕೊಂಡ ಆಸ್ತಿಗೆ ಅಂತ 15 ಕೋಟಿ ಫ್ರಾಂಕ್ ಕೇಳ್ತು. ನೋಡಿ, ಮತ್ತದೇ ಆಸ್ತಿ! ಲಾಕ್ ಕೂಡ ಜೀವ, ಸ್ವಾತಂತ್ರ್ಯ, ಆಸ್ತಿ ಅಂದೋನೇ, ಗುಲಾಮರನ್ನ ಮಾರೋ ರಾಯಲ್ ಆಫ್ರಿಕನ್ ಕಂಪನೀಲಿ ಅವನ ಷೇರೂ ಇತ್ತು. ಈ ಎಳೆ ಹಿಡ್ಕೊಂಡು ಹೋಗಿ.

ಟಿಪ್ಪು ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ರಾಜ ಹದಿನಾರನೇ ಲೂಯಿನ ಕಂಡಿದ್ದು ನಿಜವೇ, ಆದ್ರೆ ಇಲ್ಲಿ ತುರುಕ್ದಂಗಿದೆ, ತೆಗೀರಿ, ಅದನ್ನ ಬೇರೆ ಲೇಖನ ಮಾಡಿ ಕಳ್ಸಿ, ಓದ್ತೀನಿ. ಇದನ್ನ ಸಾವಿರದಿನ್ನೂರು ಪದಕ್ಕೆ ಇಳಿಸಿ ಮುಂದಿನ ತಿಂಗಳು 10ರೊಳಗೆ ಕಳ್ಸಿದ್ರೆ ಜಾಗ ಇಟ್ಟಿರ್ತೀನಿ.