ಕುಲಪತಿಗಳೇ ಹಣವಿಲ್ಲ ಎನ್ನುತ್ತಿರುವ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಬಹುದೇ?

‘ಪ್ರವೇಶಾತಿ ಕುಸಿದಿದೆ, ಪಿಂಚಣಿಗೆ ಹಣ ಸಾಲುತ್ತಿಲ್ಲ, ಆದರೂ ಸಂಶೋಧನೆಯೇ ನಮ್ಮ ಆದ್ಯತೆ.’ ನಿಮ್ಮ ಕುಲಪತಿಗಳು ಹೀಗೆನ್ನುತ್ತಿದ್ದಾರೆ, ಇಂಥಲ್ಲಿ ಪಿಎಚ್.ಡಿ.ಗೆ ಸೇರಬಹುದೇ ಎಂದು ಕೇಳಿ ಬರೆದಿದ್ದೀರಿ. ಈ ಮಾತನ್ನು ನಾನು ಬೇರೊಬ್ಬ ಕುಲಪತಿಗಳ ಬಾಯಲ್ಲಿ ಕೇಳಿದ್ದೇನೆ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ರಾಜ್ಯದ ಹಳೆಯವುಗಳಲ್ಲೊಂದು ಎಂದರೆ ಸಾಕು.

ಆಗ ನಾನು ಖಾಸಗಿ ಪಿಯು ಕಾಲೇಜೊಂದರಲ್ಲಿ ಉಪನ್ಯಾಸಕನಾಗಿದ್ದೆ. ಆ ವಿಶ್ವವಿದ್ಯಾಲಯದ ಬಜೆಟ್ ಪುಸ್ತಿಕೆಯಲ್ಲಿ ಸಂಶೋಧನಾರ್ಥಿಗಳ ವ್ಯಾಸಂಗ ವೇತನಕ್ಕೆ ದೊಡ್ಡ ಮೊತ್ತ ಇಟ್ಟಿರುವುದನ್ನು ಕಂಡು ಕೆಲಸ ಬಿಟ್ಟು ಅಲ್ಲಿ ಪಿಎಚ್.ಡಿ.ಗೆ ಸೇರಿದೆ. ಬೇಡವೆಂದ ಅಪ್ಪನಿಗೆ ಆ ಪುಟವನ್ನೇ ತೋರಿಸಿ ಬಾಯಿ ಮುಚ್ಚಿಸಿದ್ದೆ.

ತಪ್ಪಿದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಸಹಿಸಿಕೊಳ್ಳಿ. ಆ ಪುಟದಲ್ಲಿ ಮೂರು ಅಂಕಣಗಳಿದ್ದವು: ಹಿಂದಿನ ವರ್ಷದ ವಾಸ್ತವ ಖರ್ಚು, ಚಾಲ್ತಿ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ನಾನು ನೋಡಿದ್ದು ಮೂರನೆಯದನ್ನು ಮಾತ್ರ. ಮೊದಲ ಅಂಕಣದಲ್ಲಿ, ಅದೇ ಸಾಲಿನಲ್ಲಿ, ಅದರ ಕಾಲು ಭಾಗವೂ ಇರಲಿಲ್ಲ. ಅಂದಾಜು ಎನ್ನುವುದು ಖರ್ಚು ಮಾಡಲು ಅನುಮತಿಯೇ ಹೊರತು ಖಜಾನೆಯಲ್ಲಿರುವ ಹಣವಲ್ಲ. ಇನ್ನು ಆದಾಯದ ಪುಟ ತಿರುವಿದ್ದರೆ ಎಲ್ಲವೂ ಬಯಲಾಗುತ್ತಿತ್ತು: ಪಿಂಚಣಿಗಾಗಿ ಸರ್ಕಾರದಿಂದ ‘ನಿರೀಕ್ಷಿತ’ ಅನುದಾನವನ್ನು ಕೈಗೆ ಬಂದ ಹಣದಂತೆ ಸೇರಿಸಿ ಕೊರತೆಯನ್ನು ಚಿಕ್ಕದಾಗಿ ತೋರಿಸಿದ್ದರು. ಅನುದಾನ ಬಂದಿದ್ದು ಅಷ್ಟಿಷ್ಟು. ಸಂಬಳ ನಿಲ್ಲಿಸುವಂತಿಲ್ಲ, ಪಿಂಚಣಿದಾರರು ನ್ಯಾಯಾಲಯಕ್ಕೆ ಹೋಗುತ್ತಾರೆ, ಪರೀಕ್ಷೆ ನಡೆಸಲೇಬೇಕು, ವಿದ್ಯುತ್ ಬಿಲ್ ಕಟ್ಟಲೇಬೇಕು. ಕತ್ತರಿಗೆ ಸಿಗುವುದು ನಿಯತಕಾಲಿಕೆ, ಪ್ರಯೋಗಾಲಯದ ರಾಸಾಯನಿಕ ಮತ್ತು ನಮ್ಮಂಥವರ ವ್ಯಾಸಂಗ ವೇತನ. ಭಾಷಣದಲ್ಲಿ ಮೊದಲಿದ್ದ ಸಂಶೋಧನೆ ಪಾವತಿಯ ಪಟ್ಟಿಯಲ್ಲಿ ಕೊನೆಗಿತ್ತು. ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಲೇ ಪ್ರಬಂಧ ಮುಗಿಸಿದೆ. ಬಾಕಿ ಬಂದದ್ದು ಘಟಿಕೋತ್ಸವದ ನಂತರ, ಅದೂ ಅರ್ಧ.

‘ಪ್ರವೇಶಾತಿ ಕುಸಿದಿದೆ ಎಂದರೆ ವಿಶ್ವವಿದ್ಯಾಲಯ ಮುಚ್ಚುತ್ತದೆಯೇ’ ಎಂದು ಕೇಳಿದ್ದೀರಿ. ನಿಮ್ಮ ಭಯದ ದಿಕ್ಕೇ ತಪ್ಪು. ತಮ್ಮ ವ್ಯಾಪ್ತಿಯ ಸಂಯೋಜಿತ ಕಾಲೇಜುಗಳು ಕಟ್ಟುವ ಶುಲ್ಕ ಹಳೆಯ ವಿಶ್ವವಿದ್ಯಾಲಯಗಳ ಪಾಲಿಗೆ ಕರೆಯುವ ಹಸುವಾಗಿತ್ತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಆಮೇಲೆ ಮಂಡ್ಯ, ಹಾಸನ, ಚಾಮರಾಜನಗರ ವಿಶ್ವವಿದ್ಯಾಲಯಗಳು ಮೈಸೂರಿನಿಂದ, ಹಾವೇರಿಯದು ಧಾರವಾಡದಿಂದ, ಕೊಡಗಿನದು ಮಂಗಳೂರಿನಿಂದ ಬೇರೆಯಾದವು. ಕಾಲೇಜುಗಳು ಹೋದವು, ಪಿಂಚಣಿ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ್ದೂ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು, ಹಳೆಯವನ್ನಲ್ಲ. ಕೊರತೆಯನ್ನು ಬಾಯಿಬಿಟ್ಟು ಹೇಳುವ ಕುಲಪತಿಗಳ ಬಗ್ಗೆ ನನಗೆ ಗೌರವವಿದೆ. ‘ಎಲ್ಲವೂ ಸುಸೂತ್ರ’ ಎನ್ನುವವರನ್ನು ಕಂಡರೆ ಮಾತ್ರ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ.

ಆದರೆ ನಿಮ್ಮ ಕುಲಪತಿಗಳು ಹೇಳಿದ ಆದ್ಯತೆಯನ್ನು ನಂಬಬೇಡಿ. ಅವರ ಅವಧಿ ನಾಲ್ಕು ವರ್ಷ; ಎಷ್ಟು ಕಳೆದಿದೆಯೋ ನೋಡಿ. ನಿಮ್ಮ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ನಾನು ಸೇರಿದ ಮರುವರ್ಷ ಬಂದ ಕುಲಪತಿಗಳಿಗೆ ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಮಂಡಳಿ) ಕೊಡುವ ಶ್ರೇಣಿ ಮತ್ತು ಮಹಾದ್ವಾರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. (ದ್ವಾರ ಚೆನ್ನಾಗಿಯೇ ಆಯಿತು.)

ಇಡೀ ವಿಶ್ವವಿದ್ಯಾಲಯದ ಪ್ರವೇಶಾತಿ ನಿಮಗೇಕೆ? ನಿಮ್ಮ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ ಉಳಿದಿದ್ದಾರೆ, ನೀವು ಬಯಸುವ ಮಾರ್ಗದರ್ಶಕರ ವಯಸ್ಸೆಷ್ಟು ಎಂದು ವಿಚಾರಿಸಿ. ನಿವೃತ್ತಿ 62ಕ್ಕೆ. ಸೇವಾವಧಿ ಮೂರು ವರ್ಷಕ್ಕಿಂತ ಕಡಿಮೆ ಇರುವವರು 2022ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಂತೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸಾಧ್ಯವಿದ್ದರೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆದೇ ಸೇರಿ. 2023ರಿಂದ ತಿಂಗಳಿಗೆ 37,000 ರೂಪಾಯಿ, ವಿಶ್ವವಿದ್ಯಾಲಯದ ಬಜೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದ ಮಾತೆತ್ತಿದ್ದೀರಿ. ಶುಲ್ಕ ಕಟ್ಟುವ ಶಕ್ತಿಯಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲವಲ್ಲ.

ಹಣಕಾಸು ವಿಭಾಗದಲ್ಲಿ ಬಜೆಟ್ ಪುಸ್ತಿಕೆ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಹಿಡಿಯಬಹುದು, ಆದ್ದರಿಂದ ಪ್ರವೇಶದ ಕೊನೆಯ ದಿನಾಂಕ ನೋಡಿಕೊಂಡು ಈ ವಾರವೇ ಹಾಕಿ.