ಕಪ್ಪೆ ಕೊಯ್ಯದಿದ್ದರೆ ಬಯಾಲಜಿ ಬರಲ್ವಾ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಕೋಪದಲ್ಲೇ ಬರೆದಿದ್ದಾರೆ: "ಶಾಲೆ, ಕಾಲೇಜಲ್ಲಿ ಕಪ್ಪೆ ಕೊಯ್ಯುವುದು ನಿಂತ ಮೇಲೆ ಲ್ಯಾಬ್ ಹೆಸರಿಗಷ್ಟೇ ಉಳಿದಿದೆ. ಕಂಪ್ಯೂಟರಲ್ಲಿ ಹೃದಯ ನೋಡಿದವರು ನಾಳೆ ಡಾಕ್ಟರ್ ಆಗ್ತಾರಾ? ಊರಲ್ಲಿ ದಿನಾ ಕೋಳಿ ಕೊಯ್ಯುವಾಗ ಇಲ್ಲದ ಕರುಣೆ ಲ್ಯಾಬಲ್ಲಿ ಯಾಕೆ?"

ಮೇಷ್ಟ್ರೇ, ಕಂಪ್ಯೂಟರ್ ವಿಚಾರದಲ್ಲಿ ನಾನು ನಿಮ್ಮ ಕಡೆಯೇ. ಮುಟ್ಟಿ ನೋಡದೆ ಹೃದಯ ಅರ್ಥ ಆಗಲ್ಲ. ಆದರೆ ಅದಕ್ಕೆ ಕಪ್ಪೆಯೇ ಯಾಕೆ? ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ, ನಮ್ಮದಕ್ಕೆ ನಾಲ್ಕು. ಮೇಕೆಯದಕ್ಕೂ ನಾಲ್ಕು. ಮಟನ್ ಅಂಗಡಿಯಲ್ಲಿ ಹೇಳಿಟ್ಟರೆ ರಕ್ತನಾಳದ ಸಮೇತ ಇಡೀ ಹೃದಯ ತೆಗೆದಿಡುತ್ತಾರೆ. ಉದ್ದಕ್ಕೆ ಸೀಳಿ ಬೆರಳಿಟ್ಟು ನೋಡಲಿ: ಎಡಗಡೆ ಗೋಡೆ ದಪ್ಪ, ಬಲಗಡೆಯದು ತೆಳು, ಕವಾಟಗಳನ್ನು ಎಳೆದು ಹಿಡಿದಿರುವ ಬಿಳಿ ದಾರದಂಥ ಎಳೆಗಳು. ಇಡೀ ಮೈಗೆ ರಕ್ತ ನೂಕುವುದು ಎಡಗಡೆ, ಪಕ್ಕದ ಶ್ವಾಸಕೋಶಕ್ಕಷ್ಟೇ ಕಳಿಸುವುದು ಬಲಗಡೆ ಅಂತ ಆಮೇಲೆ ಪಾಠ ಮಾಡುವ ಅಗತ್ಯವೇ ಇರಲ್ಲ. ಶ್ವಾಸಕೋಶ ಹರಿಯದೆ ಸಿಕ್ಕಿದರೆ ಶ್ವಾಸನಾಳಕ್ಕೆ ಸೈಕಲ್ ಪಂಪು ಹಚ್ಚಿ, ಉಬ್ಬುತ್ತದೆ. (ಬಾಯಲ್ಲಿ ಊದಲು ಬಿಡಬೇಡಿ, ಕೈಗೆ ಗ್ಲೌಸ್ ಇರಲಿ.)

ಕೋಳಿ ಮಾತಿಗೆ ಬರುತ್ತೇನೆ. ನಾನೂ ತಿನ್ನುವವನೇ. ಆದರೆ ಅಂಗಡಿಯವನು ನಿಮ್ಮ ಮಗಳ ಕೈಗೆ ಕತ್ತಿ ಕೊಟ್ಟು "ಕೊಯ್ದರೆ ಮಾತ್ರ ಮಾರ್ಕ್ಸು" ಅನ್ನಲ್ಲ, ಅಲ್ವಾ? ಬೇಡ ಅನ್ನಲು ಹೆದರುವ ಹುಡುಗಿ ಕಣ್ಣು ಮುಚ್ಚಿಕೊಂಡು ಪಿನ್ನು ಚುಚ್ಚಿದರೆ ಅವಳು ಕಲಿಯುವುದೇನು? ನಮ್ಮೂರಿನ ಮೆಡಿಕಲ್ ಕಾಲೇಜಲ್ಲೂ ದೇಹ ಕೊಯ್ದೇ ಕಲಿಯುತ್ತಾರೆ, ಆದರೆ ಅದಕ್ಕೋಸ್ಕರ ಯಾರನ್ನೂ ಕೊಲ್ಲುವುದಿಲ್ಲ. ಅಂಗಡಿಯ ಹೃದಯವೂ ಹಾಗೇ, ಕ್ಲಾಸಿಗಾಗಿ ಕೊಯ್ದದ್ದಲ್ಲ.

ನಿಯಮವೂ ಇವತ್ತಿನದಲ್ಲ. ಪದವಿ ಕಾಲೇಜುಗಳಿಗೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2011ರಲ್ಲಿ ಪ್ರಾಣಿ ಕೊಯ್ಯುವುದನ್ನು ಹಂತಹಂತವಾಗಿ ಕಡಿಮೆ ಮಾಡಿ ಅಂದಿತು, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಇನ್ನು ಶಾಲೆ ಮಕ್ಕಳ ಮಾತೇನು?

ಲ್ಯಾಬಿಗೆ ಬರುತ್ತಿದ್ದ ಕಪ್ಪೆ ಗದ್ದೆ, ಕೆರೆಯಿಂದ ಹಿಡಿದು ತಂದದ್ದು ಅನ್ನುವುದು ನಿಮಗೆ ಗೊತ್ತೇ ಇದೆ. ವಿದೇಶದವರ ಊಟಕ್ಕೆ ಹೋಗುತ್ತಿದ್ದ ಕಪ್ಪೆ ಕಾಲಿನ ರಫ್ತನ್ನು ಸರ್ಕಾರ 1987ರಲ್ಲಿ ನಿಲ್ಲಿಸಿತು. ಗದ್ದೆಯ ಹುಳ ತಿನ್ನುವವರು ಯಾರು ಅನ್ನುವ ಪ್ರಶ್ನೆಯೂ ಆಗ ಎದ್ದಿತ್ತು. ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುವ ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ಕಪ್ಪೆ ಬಿಡಿಸುವಾಗ ನರ ಹರಿಯದಂತೆ ಕತ್ತರಿ ಹಿಡಿಯುವ ರೀತಿಯನ್ನು ಪತ್ರದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದೀರಿ! ಅದೇ ಕೈಯಲ್ಲಿ ಮೇಕೆ ಹೃದಯದ ಪಾಠ ಬರೆದು ಕಳಿಸಿ, ಚಿತ್ರದ ಸಮೇತ. ಎರಡು ಪುಟ ಖಾಲಿ ಇಟ್ಟಿರುತ್ತೇವೆ.

— ಸಂಪಾದಕ