ಒಂದೇ ಪಾತ್ರ, ಒಂದು ಸಿನಿಮಾ ಗೆದ್ದು ಮುಂದಿನದು ಸೋತಿದ್ದು ಯಾಕೆ?

ಮಾರ್ವೆಲ್ ಸ್ಟುಡಿಯೋದ ಸೂಪರ್‌ಹೀರೋ ಸಿನಿಮಾ, 2019ರ 'ಕ್ಯಾಪ್ಟನ್ ಮಾರ್ವೆಲ್' ಜಗತ್ತಿನಾದ್ಯಂತ ಸುಮಾರು 113 ಕೋಟಿ ಡಾಲರ್ ಗಳಿಸಿತು. 2023ರಲ್ಲಿ ಬಂದ ಮುಂದಿನ ಭಾಗ 'ದಿ ಮಾರ್ವೆಲ್ಸ್' ಗಳಿಸಿದ್ದು ಬರೀ 20.6 ಕೋಟಿ.

ಮೊದಲನೆಯದಕ್ಕೆ ಟೈಮಿಂಗ್ ಚೆನ್ನಾಗಿತ್ತು. ಅದಕ್ಕೂ ಹಿಂದಿನ ವರ್ಷ ಅದೇ ಸ್ಟುಡಿಯೋದಿಂದ ಬಂದ 'ಅವೆಂಜರ್ಸ್: ಇನ್ಫಿನಿಟಿ ವಾರ್' ಸಿನಿಮಾದ ಕೊನೆಯಲ್ಲಿ ಒಂದು ಪೇಜರ್ ನೆಲಕ್ಕೆ ಬೀಳುತ್ತೆ, ಅದರಲ್ಲಿ ನಾಯಕಿ ಕ್ಯಾಪ್ಟನ್ ಮಾರ್ವೆಲ್‌ಳ ಗುರುತು ಮಿನುಗುತ್ತೆ, ಅಷ್ಟೇ ಸಾಕಾಯ್ತು, ಯಾರಿವಳು ಅಂತ ತಿಳ್ಕೊಳ್ಳೋಕೆ 'ಇನ್ಫಿನಿಟಿ ವಾರ್'ನ ಮುಂದಿನ ಭಾಗ 'ಎಂಡ್‌ಗೇಮ್'ಗೆ ಮುಂಚೆ ಜನ ಥಿಯೇಟರಿಗೆ ನುಗ್ಗಿದರು.

ಎರಡನೆಯದರಲ್ಲಿ ಮೂವರು ನಾಯಕಿಯರು. ಉಳಿದಿಬ್ಬರ ಹಿನ್ನೆಲೆ ಸರಿಯಾಗಿ ಗೊತ್ತಾಗಬೇಕಂದ್ರೆ ಡಿಸ್ನಿ ಪ್ಲಸ್‌ನಲ್ಲಿ ಸೀರೀಸ್ ನೋಡಿರಬೇಕಿತ್ತು. ಒಂದು ಟಿಕೆಟ್‌ಗೆ ಇಷ್ಟೆಲ್ಲ ಹೋಂವರ್ಕ್ ಯಾರು ಮಾಡ್ತಾರೆ? ಜೊತೆಗೆ ನಟರ ಮುಷ್ಕರದಿಂದ ಪ್ರಚಾರವೂ ಸೊರಗಿತು. ಬಜೆಟ್ಟೇ 20 ಕೋಟಿ ಡಾಲರ್ ದಾಟಿತ್ತು, ಗಳಿಕೆಯಲ್ಲಿ ಸ್ಟುಡಿಯೋಗೆ ಸಿಗೋದು ಹೆಚ್ಚುಕಡಿಮೆ ಅರ್ಧ. ನನಗಂತೂ ಬೇಜಾರಾಯ್ತು, ಮೂವರು ನಾಯಕಿಯರಲ್ಲಿ ಒಬ್ಬರಾದ ಇಮಾನ್ ವೆಲ್ಲಾನಿ ತುಂಬಾ ಚೆನ್ನಾಗಿ ಮಾಡಿದ್ದಾರೆ.